ಬಲ್ಬಿಗೆ ವೈ-ಫೈ ಉಂಟು, ಪ್ಲೇಸ್ಟೇಷನ್‌ಗೆ ಇಲ್ಲ

ಈಗಿನ ಮನೆಗಳಲ್ಲಿ ವೈ-ಫೈ ಯಾರ ಯಾರಿಗೆ ಸಿಗುತ್ತದೆ ಅಂತ ಒಮ್ಮೆ ನೋಡಿ. ಫೋನಿಗೆ ಬಿಡಿ, ಅದು ಮನೆಯ ಯಜಮಾನ. ಟಿವಿಗೆ ಇದೆ. ಗೀಸರಿನ ಪ್ಲಗ್ಗಿಗೆ ಇದೆ. ಬಾಗಿಲ ಬೆಲ್ಲಿಗೆ ಇದೆ. ಮಲಗುವ ಕೋಣೆಯಲ್ಲಿ ಬಣ್ಣ ಬದಲಿಸುವ ಬಲ್ಬಿಗೂ ಇದೆ, ಆ ಬಲ್ಬು ಇಂಟರ್ನೆಟ್‌ನಲ್ಲಿ ಏನು ಓದುತ್ತದೋ ದೇವರಿಗೇ ಗೊತ್ತು, ಆದರೆ ದಿನವಿಡೀ ಆನ್‌ಲೈನ್ ಇರುತ್ತದೆ. ಇಡೀ ಮನೆಯಲ್ಲಿ ಒಬ್ಬನಿಗೆ ಮಾತ್ರ ಪ್ರವೇಶವಿಲ್ಲ. ಟಿವಿ ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಾ ಕೂತಿರುವ ಹಳೇ ಗೇಮ್ ಕನ್ಸೋಲ್. ದೂರದಲ್ಲಿರುವ ಇನ್ನೊಬ್ಬರ ಜೊತೆ ನೆಟ್‌ನಲ್ಲಿ ಆಡಬಹುದು ಅಂತ ಹೇಳಿಯೇ ಮಾರಿದ್ದ ವಸ್ತು ಅದು.

ಹಳೇದು ಅಂದರೆ ಎಷ್ಟು ಹಳೇದು? ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಎಂಬ ಕನ್ಸೋಲ್ ಮೊದಲು ಮಾರಾಟಕ್ಕೆ ಬಂದದ್ದು 2006ರ ನವೆಂಬರ್‌ನಲ್ಲಿ, ಜಪಾನಿನಲ್ಲಿ. ನಮ್ಮ ದೇಶಕ್ಕೆ ಬಂದದ್ದು 2007ರಲ್ಲಿ, ಬೆಲೆ ಹತ್ತಿರ ಹತ್ತಿರ 40 ಸಾವಿರ ರೂಪಾಯಿ. ಆಗ ಅದನ್ನು ಕೊಂಡವರು ಮನೆಯಲ್ಲಿ ‘ಇದರಲ್ಲಿ ಸಿನಿಮಾನೂ ನೋಡಬಹುದು, ಇಂಟರ್ನೆಟ್ಟೂ ಬರುತ್ತೆ, ಸುಮ್ನೆ ಆಟದ ಸಾಮಾನಲ್ಲ’ ಅಂತ ಅಪ್ಪನ ಮುಂದೆ ಭಾಷಣ ಮಾಡಿ ದುಡ್ಡು ಹೊಂದಿಸಿದವರು. ಜಪಾನಿನಲ್ಲಿ ಅದು ಬಂದ ತಿಂಗಳೇ ಹುಟ್ಟಿದ ಮಗು ಈಗ ಸಿಇಟಿ ಬರೆದು, ವೋಟರ್ ಐಡಿ ಮಾಡಿಸಿಕೊಂಡು ಓಡಾಡುತ್ತಿದೆ. ಅದಕ್ಕೆ ಯಾರಾದರೂ ವಯಸ್ಸಾಯಿತು ಅಂತಾರಾ? ಮದುವೆ ಮಾತೆತ್ತಿದರೆ ‘ಇನ್ನೂ ಕೂಸು’ ಅಂತಾರೆ. ಕನ್ಸೋಲ್‌ಗೆ ಮಾತ್ರ ಅದೇ ವಯಸ್ಸಿಗೆ ಮುಪ್ಪು.

ಪಾಪ, ಅದರೊಳಗೆ ವೈ-ಫೈ ಇಲ್ಲ ಅಂತಲ್ಲ. ಇದೆ. ಆದರೆ ಅದಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಬ್ಯಾಂಡ್, ಅಂದರೆ ವೈ-ಫೈ ಅಲೆಗಳು ಓಡಾಡುವ ಒಂದು ದಾರಿ, ಅದೊಂದೇ. ಈಗಿನ ರೌಟರ್ 2.4 ಮತ್ತು 5 ಎರಡರಲ್ಲೂ ಕೆಲಸ ಮಾಡುತ್ತದೆ. ಕನೆಕ್ಷನ್ ಕೊಡಲು ಬಂದ ಹುಡುಗ ಎರಡಕ್ಕೂ ಒಂದೇ ಹೆಸರಿಟ್ಟು, ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಮೊಬೈಲ್ ನಂಬರನ್ನೇ ಹಾಕಿ, ಇನ್ನೂ ನಾಲ್ಕು ಮನೆ ಇದೆ ಸರ್ ಅಂತ ಬೈಕ್ ಹತ್ತಿರುತ್ತಾನೆ. ಯಾರಿಗೆ ಯಾವ ಬ್ಯಾಂಡ್ ಕೊಡಬೇಕು ಅಂತ ರೌಟರೇ ತೀರ್ಮಾನ ಮಾಡುತ್ತದೆ, ಅದನ್ನು ಡಬ್ಬದ ಮೇಲೆ ‘ಸ್ಮಾರ್ಟ್’ ಅಂತ ಬರೆದಿರುತ್ತಾರೆ. ಜೊತೆಗೆ 2018ರಲ್ಲಿ ಬಂದ ಡಬ್ಲ್ಯೂಪಿಎ 3 ಎಂಬ ಹೊಸ ಭದ್ರತೆ. ಕನ್ಸೋಲ್ ಓದಿದ್ದು ಡಬ್ಲ್ಯೂಪಿಎ 2ರ ತನಕ ಮಾತ್ರ. ರೌಟರಿನಲ್ಲಿ ಹೊಸದನ್ನೇ ಕಡ್ಡಾಯ ಮಾಡಿಟ್ಟಿದ್ದರೆ ಮುಗೀತು. ಮನೆಯ ವೈ-ಫೈ ಹೆಸರು ಪರದೆಯ ಮೇಲೆ ಕಾಣುತ್ತದೆ, ಪಾಸ್‌ವರ್ಡ್ ಅಕ್ಷರ ಅಕ್ಷರ ಸರಿ ಇರುತ್ತದೆ, ಆದರೂ ಒಳಗೆ ಬಿಡುವುದಿಲ್ಲ.

ಯಾಕೆ ಬಿಡಲಿಲ್ಲ ಅಂತ ಕನ್ಸೋಲ್ ಹೇಳುತ್ತದಾ? ಹೇಳುತ್ತದೆ, ಒಂದು ನಂಬರ್. ನಿಂಟೆಂಡೋ ಕಂಪನಿಯ ವೀ ಎಂಬ ಹಳೇ ಕನ್ಸೋಲ್ ಆದರೆ 51330 ಅಂತ ತೋರಿಸುತ್ತದೆ. ರೌಟರ್ ಜೊತೆ ಸಂಪರ್ಕ ಆಗಲಿಲ್ಲ ಅಂತ ಅದರ ಅರ್ಥವಂತೆ. ಅದು ನಮಗೂ ಕಾಣ್ತಿದೆಯಲ್ಲ ಮಾರಾಯ. ಆ ನಂಬರಿನ ವಿವರ ಬೇಕಾದರೆ ಇಂಟರ್ನೆಟ್‌ನಲ್ಲಿ ಹುಡುಕಬೇಕು. ಇಂಟರ್ನೆಟ್ ಇಲ್ಲ ಅನ್ನುವ ತಕರಾರಿಗೆ ಉತ್ತರ ಇಟ್ಟಿರುವುದು ಇಂಟರ್ನೆಟ್‌ನಲ್ಲಿ.

ಸರಿ, ರೌಟರ್ ಸೆಟ್ಟಿಂಗ್ ಬದಲಿಸೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇರುವುದಿಲ್ಲ. ಬಾಡಿಗೆ ಕಟ್ಟುವವರು ನೀವು, ಕರೆಂಟ್ ನಿಮ್ಮದು, ಬೀಗದ ಕೈ ಮಾತ್ರ ಕಂಪನಿಯದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ನಡೆಯುವ ಮಾತುಕತೆ ಯಾವ ಊರಲ್ಲಾದರೂ ಒಂದೇ.

‘ಸರ್, ಮೊಬೈಲ್‌ನಲ್ಲಿ ನೆಟ್ ಬರ್ತಿದೆಯಾ?’

‘ಬರ್ತಿದೆ.’

‘ಹಾಗಾದ್ರೆ ನಮ್ಮ ಕಡೆಯಿಂದ ಪ್ರಾಬ್ಲಂ ಇಲ್ಲ ಸರ್.’

‘ಪ್ಲೇಸ್ಟೇಷನ್‌ಗೆ ಬರ್ತಿಲ್ಲ.’

‘ಅದು ಯಾವ ಕಂಪನಿ ಮೊಬೈಲ್ ಸರ್?’

‘ಮೊಬೈಲ್ ಅಲ್ಲಪ್ಪ, ಗೇಮ್ ಕನ್ಸೋಲ್. 2.4 ಬ್ಯಾಂಡಿಗೆ ಬೇರೆ ಹೆಸರು ಇಟ್ಟುಕೊಡಿ, ಅಷ್ಟು ಸಾಕು.’

‘ಸರ್, 5ಜಿ ಬ್ಯಾಂಡ್ ಜಾಸ್ತಿ ಸ್ಪೀಡ್ ಬರುತ್ತೆ. ಅದನ್ನೇ ಯೂಸ್ ಮಾಡಿ.’

‘ಅದಕ್ಕೆ ಆ ಬ್ಯಾಂಡ್ ಕಾಣಿಸೋದೇ ಇಲ್ಲ.’

‘ಹಾಗಾದ್ರೆ ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ ಸರ್. 500 ಎಂಬಿಪಿಎಸ್ ಇದೆ, ಓಟಿಟಿ ಫ್ರೀ.’

ಪ್ಲೇಸ್ಟೇಷನ್ 3ರಲ್ಲಿರುವುದು 802.11ಜಿ ಎಂಬ ಹಳೇ ತಲೆಮಾರಿನ ವೈ-ಫೈ. ಅದರ ಗರಿಷ್ಠ ವೇಗ 54 ಎಂಬಿಪಿಎಸ್, ಅದೂ ಕಾಗದದ ಮೇಲೆ. ಅದಕ್ಕೆ 500ರ ಪ್ಲಾನ್ ಹಾಕಿಸಿಕೊಂಡು ಏನು ಮಾಡುವುದು? ಆದರೆ ಆ ಕಡೆಯ ಹುಡುಗನದೂ ತಪ್ಪಿಲ್ಲ. ಅವನ ಮುಂದಿರುವ ಪರದೆಯಲ್ಲಿ ‘ಅಪ್‌ಗ್ರೇಡ್’ ಅನ್ನುವ ಬಟನ್ ಇದೆ, ‘ಹಳೇ ಕನ್ಸೋಲ್’ ಅನ್ನುವ ಬಟನ್ ಇಲ್ಲ.

ಇದರಲ್ಲಿ ಇನ್ನೊಂದು ತಮಾಷೆ ಇದೆ. 2.4 ಬ್ಯಾಂಡನ್ನು ರೌಟರ್ ಕಂಪನಿಗಳು ಇನ್ನೂ ಉಳಿಸಿಕೊಂಡಿರುವುದಕ್ಕೆ ಒಂದು ದೊಡ್ಡ ಕಾರಣ ಆಗಲೇ ಹೇಳಿದ ಬಲ್ಬು ಮತ್ತು ಪ್ಲಗ್ಗುಗಳು. ಅಗ್ಗದ ಸ್ಮಾರ್ಟ್ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಗೊತ್ತಿಲ್ಲ. ಹೋದ ತಿಂಗಳು ತಯಾರಾದ ಬಲ್ಬಿನದೂ ಇಪ್ಪತ್ತು ವರ್ಷದ ಕನ್ಸೋಲಿನದೂ ಒಂದೇ ಬ್ಯಾಂಡ್. ಒಂದನ್ನು ಸ್ಮಾರ್ಟ್ ಅಂತ ಕರೆದು ಕೂರಿಸುತ್ತಾರೆ, ಇನ್ನೊಂದನ್ನು ಗುಜರಿ ಅಂತಾರೆ. ಬಲ್ಬಿಗೆ ನೆಟ್ ಸಿಗದಿದ್ದರೆ ಆಪ್‌ನಲ್ಲಿ ‘2.4ಕ್ಕೆ ಬದಲಿಸಿ’ ಅಂತ ಚಿತ್ರ ಸಮೇತ ಪಾಠ ಇರುತ್ತದೆ.

ಭದ್ರತೆಯ ಮಾತು ಬಂದರೆ ನಿಂಟೆಂಡೋ ಡಿಎಸ್‌ನ ಕಥೆ ಹೇಳಲೇಬೇಕು. ಮಡಚುವ, ಎರಡು ಪರದೆಯ ಪುಟ್ಟ ಯಂತ್ರ. ನಮ್ಮ ಕಡೆಗೆ ಅದು ಹೆಚ್ಚಾಗಿ ಬಂದದ್ದು ಫಾರಿನ್‌ನಿಂದ ಬಂದ ಚಿಕ್ಕಪ್ಪ, ಸೋದರಮಾವಂದಿರ ಸೂಟ್‌ಕೇಸಿನಲ್ಲಿ, ಚಾಕೊಲೇಟಿನ ಪಕ್ಕದಲ್ಲಿ. ಅದಕ್ಕೆ ಗೊತ್ತಿರುವ ಬೀಗ ಒಂದೇ, ವೆಪ್ ಎಂಬ ಹಳೇ ಕಾಲದ ವೈ-ಫೈ ಭದ್ರತೆ. ಈ ವೆಪ್ ಅನ್ನು ಒಡೆಯುವುದು ಹೇಗೆ ಅಂತ 2001ರಲ್ಲೇ ಫ್ಲುರರ್, ಮಾಂಟಿನ್, ಶಮೀರ್ ಎಂಬ ಮೂವರು ಪ್ರಬಂಧ ಬರೆದು ಜಗತ್ತಿಗೆ ಹೇಳಿದ್ದರು. ವಿಷಯ ಗಂಭೀರವಾಗಿದೆ ಅಂತ 2003ರಲ್ಲಿ ಡಬ್ಲ್ಯೂಪಿಎ ಬಂತು. ಅದೂ ಸಾಲದು ಅಂತ 2004ರಲ್ಲಿ ಡಬ್ಲ್ಯೂಪಿಎ 2 ಬಂತು. ಅದೇ 2004ರಲ್ಲಿ ಡಿಎಸ್ ಬಂತು, ಕೈಯಲ್ಲಿ ವೆಪ್ ಹಿಡಿದುಕೊಂಡು. 2005ರಲ್ಲಿ ಅಮೆರಿಕದ ಎಫ್‌ಬಿಐನವರು ಒಂದು ಸಭೆಯಲ್ಲಿ ಎಲ್ಲರ ಎದುರಿಗೇ ಸುಮಾರು ಮೂರು ನಿಮಿಷದಲ್ಲಿ ವೆಪ್ ಒಡೆದು ತೋರಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ನಿಂಟೆಂಡೋ ತನ್ನ ಆನ್‌ಲೈನ್ ಸೇವೆಯನ್ನು ಶುರು ಮಾಡಿ, ಬನ್ನಿ ಮಕ್ಕಳೇ ಆಡೋಣ ಅಂದಿತು.

ಅಂದರೆ ಈಗ ಡಿಎಸ್‌ಗೆ ನೆಟ್ ಕೊಡಬೇಕಾದರೆ ಮನೆಯ ವೈ-ಫೈಯನ್ನು ಒಡೆದ ಬೀಗಕ್ಕೆ ಇಳಿಸಬೇಕು. ಅಪ್ಪನ ಬ್ಯಾಂಕ್ ಆಪ್, ಅಕ್ಕನ ಆಫೀಸ್ ಲ್ಯಾಪ್‌ಟಾಪ್ ಎಲ್ಲವೂ ಅದರ ಹಿಂದೆಯೇ. ತಿಳಿದವರು ಹೇಳುವ ಉಪಾಯ ಬೇರೆ: ಪಾಸ್‌ವರ್ಡೇ ಇಲ್ಲದ ಗೆಸ್ಟ್ ನೆಟ್‌ವರ್ಕ್ ಒಂದನ್ನು ಸ್ವಲ್ಪ ಹೊತ್ತು ತೆರೆದಿಡಿ, ಆಟ ಮುಗಿದ ಮೇಲೆ ಮುಚ್ಚಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಅಂತ ಹೇಳಬೇಕಾ? ಮೂರನೇ ಮಹಡಿಯ ಪಿಯುಸಿ ಹುಡುಗ, ಲಿಫ್ಟ್ ರಿಪೇರಿಗೆ ಬಂದವರು, ಗೇಟಿನಲ್ಲಿ ಕಾಯುತ್ತಿರುವ ಡೆಲಿವರಿಯವರು, ಎಲ್ಲರೂ ಒಳಗೆ ಬಂದು ರೀಲ್ಸ್ ನೋಡುತ್ತಿರುತ್ತಾರೆ. ಡಿಎಸ್ ಮಾತ್ರ ಇನ್ನೂ ಹುಡುಕುತ್ತಲೇ ಇರುತ್ತದೆ. ಅದಕ್ಕೆ ಬೇಕಾದ್ದು 802.11ಬಿ ಎಂಬ ಇನ್ನೂ ಹಳೇ ವೈ-ಫೈ, ಅದನ್ನು ಅನೇಕ ಹೊಸ ರೌಟರುಗಳಲ್ಲಿ ಆಫ್ ಮಾಡಿಟ್ಟಿರುತ್ತಾರೆ. ಅದನ್ನೂ ಹುಡುಕಿ ಆನ್ ಮಾಡಿ, ಯಂತ್ರ ಕೊನೆಗೂ ಸೇರಿಕೊಂಡಿತು ಅನ್ನಿ. ಆಡುವುದೆಲ್ಲಿ? ಆ ಸೇವೆಯನ್ನು 2014ರ ಮೇ 20ರಂದೇ ಮುಚ್ಚಿದ್ದಾರೆ.

ಎಲ್ಲ ಕಂಪನಿಗಳೂ ಸಾಚಾ ಅಂದುಕೊಳ್ಳಬೇಡಿ. 2005ರಲ್ಲಿ ಬಂದ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ 360 ಕನ್ಸೋಲ್‌ನಲ್ಲಿ ಆನ್‌ಲೈನ್ ಆಟವೇ ದೊಡ್ಡ ಆಕರ್ಷಣೆ. ಒಳಗೆ ವೈ-ಫೈ ಮಾತ್ರ ಇರಲಿಲ್ಲ. ಅದಕ್ಕೆ ಬೇರೆ ಅಡಾಪ್ಟರ್ ಕೊಳ್ಳಬೇಕಿತ್ತು, ಅಮೆರಿಕದಲ್ಲಿ ಬೆಲೆ ಸುಮಾರು 100 ಡಾಲರ್. ಅಲ್ಲಿ ಆ ಯಂತ್ರದ ಅಗ್ಗದ ಮಾದರಿಯ ಬೆಲೆಯೇ 300 ಡಾಲರ್ ಇತ್ತು. ವೈ-ಫೈ ಒಳಗೇ ಇರುವ ಮಾದರಿ ಬರಲು 2010 ಆಗಬೇಕಾಯಿತು. ಸೋನಿಯವರೂ ಕಡಿಮೆಯಿಲ್ಲ, ಪ್ಲೇಸ್ಟೇಷನ್ 3ರ ಮೊದಲ ಕಂತಿನ 20 ಜಿಬಿ ಮಾದರಿಯಲ್ಲಿ ವೈ-ಫೈ ಕೈಬಿಟ್ಟಿದ್ದರು.

ಇಷ್ಟೆಲ್ಲ ದಾಟಿ ಪ್ಲೇಸ್ಟೇಷನ್ 3 ಒಂದು ದಿನ ಮನೆಯ ವೈ-ಫೈಗೆ ಸೇರಿತು ಅಂದುಕೊಳ್ಳಿ. ಅದು ಪರೀಕ್ಷೆ ಮಾಡಿ ಫಲಿತಾಂಶ ಕೊಡುತ್ತದೆ. ಐಪಿ ವಿಳಾಸ, ಪಾಸ್. ಇಂಟರ್ನೆಟ್ ಸಂಪರ್ಕ, ಪಾಸ್. ನ್ಯಾಟ್ ಟೈಪ್, ಅಂದರೆ ಹೊರಗಿನವರು ನಿಮ್ಮ ಯಂತ್ರವನ್ನು ಎಷ್ಟು ಸಲೀಸಾಗಿ ತಲುಪಬಹುದು ಅನ್ನುವ ದರ್ಜೆ, 3. ಈ ಮೂರನೇ ಸಾಲನ್ನು ನೋಡಿ ಫಸ್ಟ್ ಕ್ಲಾಸ್ ಅಂತ ಖುಷಿಪಡಬೇಡಿ, ಇಲ್ಲಿ 3 ಅಂದರೆ ಕಡೇ ದರ್ಜೆ. ವಿಳಾಸಗಳ ಕೊರತೆಯಿಂದಾಗಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಹಲವಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಿರುತ್ತವೆ. ಆದ್ದರಿಂದ ಹೊರಗಿನ ಆಟಗಾರನಿಗೆ ನಿಮ್ಮ ಮನೆ ಯಾವುದು ಅಂತಲೇ ಗೊತ್ತಾಗುವುದಿಲ್ಲ. ‘ನಾಲ್ಕನೇ ಕ್ರಾಸ್’ ಅಂತ ಮಾತ್ರ ಬರೆದ ವಿಳಾಸ ಹಿಡಿದು ಬಂದ ನೆಂಟನ ಪಾಡು ಅವನದು.

ಆಮೇಲೆ ಲಾಗಿನ್. ನೀವು ಬುದ್ಧಿವಂತರು, ಖಾತೆಗೆ ಎರಡು ಹಂತದ ಭದ್ರತೆ ಹಾಕಿದ್ದೀರಿ, ಫೋನಿಗೆ ಕೋಡ್ ಬರುತ್ತದೆ. ಆದರೆ ಕೋಡ್ ಹಾಕುವ ಜಾಗ ಈ ಯಂತ್ರದಲ್ಲಿ ಇಲ್ಲವೇ ಇಲ್ಲ, ಅದು ಹುಟ್ಟಿದಾಗ ಇಂಥ ರೂಢಿ ಇರಲಿಲ್ಲ. ಅದಕ್ಕೆ ಸೋನಿ ಒಂದು ದಾರಿ ಇಟ್ಟಿದೆ: ವೆಬ್‌ಸೈಟಿಗೆ ಹೋಗಿ, ಅಲ್ಲಿ ಈ ಹಳೇ ಯಂತ್ರಕ್ಕೇ ಅಂತ ಒಂದು ಬೇರೆ ಪಾಸ್‌ವರ್ಡ್ ಪಡೆದು, ಅದನ್ನು ಇಲ್ಲಿ ಕಂಟ್ರೋಲರಿನಿಂದ ಒಂದೊಂದೇ ಅಕ್ಷರ ಒತ್ತಿ ತುಂಬಬೇಕು. ಅಸಲಿ ಪಾಸ್‌ವರ್ಡ್ ಹಾಕಿದರೆ ತಪ್ಪು ಅನ್ನುತ್ತದೆ. ಅದು ಸರಿಯಾಗಿದೆ ಅನ್ನುವುದೇ ಅದರ ತಪ್ಪು.

ಈ ಯಂತ್ರಗಳಿಗೆ ಆಟ ಮಾರುವ ಆನ್‌ಲೈನ್ ಅಂಗಡಿಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಒಂದೊಂದೂ ಶ್ರದ್ಧಾಂಜಲಿ ಜಾಹೀರಾತೇ. ವೀ ಅಂಗಡಿ 2019ರ ಜನವರಿ 30ಕ್ಕೆ ಬಂದ್. ನಿಂಟೆಂಡೋದ 3ಡಿಎಸ್ ಮತ್ತು ವೀ ಯು ಎಂಬ ಕನ್ಸೋಲ್‌ಗಳ ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ಬಂದ್. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ಕ್ಕೆ ಬಂದ್. ಪ್ಲೇಸ್ಟೇಷನ್ 3ರ ಅಂಗಡಿಯನ್ನೂ 2021ರಲ್ಲಿ ಮುಚ್ಚುತ್ತೇವೆ ಅಂತ ಘೋಷಿಸಿದ್ದರು. ಜನ ಗಲಾಟೆ ಮಾಡಿದ್ದಕ್ಕೆ ಮನಸ್ಸು ಬದಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಈ ಯಂತ್ರದ ಅಂಗಡಿಯಲ್ಲಿ ಇನ್ನು ಕಾರ್ಡ್ ನಡೆಯುವುದಿಲ್ಲ, ಬೇರೆ ಕಡೆಯಿಂದ ವ್ಯಾಲೆಟ್ಟಿಗೆ ದುಡ್ಡು ಹಾಕಿಕೊಂಡು ಬನ್ನಿ ಅಂದರು. ಬಾಗಿಲು ತೆರೆದಿದೆ, ಗಲ್ಲಾಪೆಟ್ಟಿಗೆ ಪಕ್ಕದ ಬೀದಿಯಲ್ಲಿದೆ.

ವೀ ಅಂತೂ ಕಡೇವರೆಗೂ ಶಿಸ್ತಿನ ಮನುಷ್ಯ. ಸಂಪರ್ಕ ಪರೀಕ್ಷೆ ಪಾಸಾದ ಕೂಡಲೇ ಸಿಸ್ಟಂ ಅಪ್‌ಡೇಟ್ ಮಾಡಲಾ ಅಂತ ಕೇಳುತ್ತದೆ. ಯಾವ ಕಾಲದ ಅಪ್‌ಡೇಟ್, ಯಾರಿಗೋಸ್ಕರ, ಅಂತ ಅದಕ್ಕೆ ಗೊತ್ತಿಲ್ಲ. ಕೇಳುವುದು ಅದರ ಧರ್ಮ.

ಈ ಎಲ್ಲ ದೊಡ್ಡ ಕಂಪನಿಗಳ ನಡುವೆ ನಿಜವಾಗಿ ಕೆಲಸ ಮಾಡುತ್ತಿರುವವರು ಯಾರು ಅಂದರೆ, ಸಂಬಳವಿಲ್ಲದ ಹುಚ್ಚರು. 2014ರಲ್ಲಿ ನಿಂಟೆಂಡೋ ಸರ್ವರ್ ಮುಚ್ಚಿದಾಗ ಅಭಿಮಾನಿಗಳು ವೀಮ್‌ಫೈ ಅಂತ ತಮ್ಮದೇ ಸರ್ವರ್ ಕಟ್ಟಿಕೊಂಡರು. ಸೆಗಾ ಡ್ರೀಮ್‌ಕಾಸ್ಟ್ ಅಭಿಮಾನಿಗಳದು ಇನ್ನೂ ಮೇಲು. 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆ ಯಂತ್ರಕ್ಕೆ ವೈ-ಫೈ ಹೆಸರೇ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ಟೆಲಿಫೋನ್ ಲೈನ್, ನಾವು ವಿಎಸ್‌ಎನ್‌ಎಲ್ ಕಾಲದಲ್ಲಿ ಕೇಳುತ್ತಿದ್ದ ಕರಕರ ಸದ್ದಿನ ಮೋಡೆಮ್. ಲ್ಯಾಂಡ್‌ಲೈನ್ ಇಲ್ಲದ ಈ ಕಾಲದಲ್ಲಿ ಅವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಯುಎಸ್‌ಬಿ ಮೋಡೆಮ್ ಸಿಕ್ಕಿಸಿ, ಅದರಿಂದ ಸುಳ್ಳು ಡಯಲ್ ಟೋನ್ ಕೊಡಿಸುತ್ತಾರೆ. ಡ್ರೀಮ್‌ಪೈ ಅಂತ ಅದರ ಹೆಸರು. ಎಕ್ಸ್‌ಚೇಂಜ್ ಇನ್ನೂ ಇದೆ ಅಂತ ನಂಬಿ ಡ್ರೀಮ್‌ಕಾಸ್ಟ್ ಡಯಲ್ ಮಾಡುತ್ತದೆ, ಆ ಪುಟ್ಟ ಕಂಪ್ಯೂಟರು ಎಕ್ಸ್‌ಚೇಂಜಿನ ವೇಷ ಹಾಕಿ ಫೋನೆತ್ತುತ್ತದೆ, ಯಂತ್ರ ಖುಷಿಯಾಗಿ ಆನ್‌ಲೈನ್ ಬರುತ್ತದೆ. ಇದನ್ನು ಮಾಡಲು ಹವ್ಯಾಸಿಗಳಿಗೆ ಸಾಧ್ಯವಾಯಿತು. ನಮ್ಮ ರೌಟರಿನಲ್ಲಿ 2.4ಕ್ಕೆ ಬೇರೆ ಹೆಸರಿಡುವುದು ಮಾತ್ರ ‘ಪಾಲಿಸಿಯಲ್ಲಿ ಇಲ್ಲ ಸರ್’.

ಈಗ ಯಾರಾದರೂ ತಿಳಿದವರು ಕೇಳೇ ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಒಂದು ಲ್ಯಾನ್ ಕೇಬಲ್ ಹಾಕಬಾರದಾ ಅಂತ. ಹಾಕಬಹುದು. ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360, 2004ರ ಸ್ಲಿಮ್ ಪ್ಲೇಸ್ಟೇಷನ್ 2, ಮೂರರ ಬೆನ್ನಿನಲ್ಲೂ ಅದಕ್ಕೆ ಕಿಂಡಿ ಇದೆ. ಕೇಬಲ್ಲಿಗೆ ಬ್ಯಾಂಡ್ ಇಲ್ಲ, ವೆಪ್ ಇಲ್ಲ, ಪಾಸ್‌ವರ್ಡ್ ಇಲ್ಲ, ಸಿಕ್ಕಿಸಿದರೆ ನೆಟ್ ಬರುತ್ತದೆ. ಆದರೆ ಫೈಬರ್ ಹುಡುಗ ರೌಟರನ್ನು ಮುಂಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರಿಸಿ ಹೋಗಿದ್ದಾನೆ, ವೈರ್ ಅಷ್ಟೇ ಉದ್ದ ಇತ್ತಂತೆ. ಟಿವಿ ಇರುವುದು ಹಾಲಿನ ಆ ತುದಿಯಲ್ಲಿ. ಅಲ್ಲಿಯವರೆಗೆ ಕೇಬಲ್ ಎಳೆಯೋಣ ಅಂತ ಹೊರಟರೆ ಇಂಟೀರಿಯರ್ ಮಾಡಿಕೊಟ್ಟವರು ಫೋನಿನಲ್ಲೇ ಕೂಗಿಕೊಳ್ಳುತ್ತಾರೆ: ‘ಅಯ್ಯೋ ಮೇಡಂ, ಟಿವಿ ಯೂನಿಟ್ ಹತ್ರ ಒಂದು ವೈರೂ ಕಾಣಬಾರದು ಅಂದಿದ್ರಲ್ಲ, ಈಗೆಲ್ಲ ವೈರ್‌ಲೆಸ್ ಅಲ್ವಾ!’