ತಿರುಚುವ ಕೋನವೇ ಬೇರೆ, ಹೆಲಿಕ್ಸ್ ಕೋನವೇ ಬೇರೆ

ಕಂಪ್ಯೂಟರಿನಲ್ಲಿ ಗೇರ್ ಬರೆಯುವ ಬಗೆಗಿನ ಲೇಖನವೊಂದರಲ್ಲಿ, ಸ್ಪರ್ (ನೇರ ಹಲ್ಲಿನ) ಗೇರಿನ ಹಲ್ಲನ್ನೇ ಬರೆದು, ಎಕ್ಸ್‌ಟ್ರೂಡ್ ಮಾಡುವಾಗ (ಚಿತ್ರವನ್ನು ಎಳೆದು ಘನರೂಪ ಕೊಡುವಾಗ) 15 ಡಿಗ್ರಿ ತಿರುಚಿದರೆ 15 ಡಿಗ್ರಿ ಹೆಲಿಕ್ಸ್ ಕೋನದ ಹೆಲಿಕಲ್ (ಓರೆ ಹಲ್ಲಿನ) ಗೇರ್ ಸಿದ್ಧ ಎಂದು ಲೇಖಕರು ಬರೆದಿರುವುದಕ್ಕೆ ನನ್ನ ತಕರಾರಿದೆ. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಜೋಡಿ ಗೇರನ್ನು ತಂದು ಕೂರಿಸಿದಾಗ ಬಣ್ಣ ಬಯಲಾಗುತ್ತದೆ. ಹೆಲಿಕ್ಸ್ ಕೋನವೆಂದರೆ ಪಿಚ್ ಸಿಲಿಂಡರಿನ (ಜೋಡಿ ಗೇರುಗಳು ಒಂದರ ಮೇಲೊಂದು ಉರುಳುತ್ತವೆ ಎಂದು ಭಾವಿಸುವ ಸಿಲಿಂಡರು) ಮೇಲೆ ಹಲ್ಲು ಅಕ್ಷಕ್ಕೆ ಎಷ್ಟು ಓರೆಯಾಗಿದೆ ಎಂಬ ಅಳತೆ. ಪ್ರೊಫೈಲ್ (ಬರೆದ ಹಲ್ಲಿನ ಆಕಾರ) ಎಷ್ಟು ತಿರುಗಬೇಕು ಎಂಬುದು ಗೇರಿನ ಅಗಲವನ್ನೂ ಅವಲಂಬಿಸಿದೆ. ಹೆಲಿಕ್ಸ್ ಕೋನ 15 ಡಿಗ್ರಿ, ನಾರ್ಮಲ್ ಮಾಡ್ಯೂಲ್ (ಹಲ್ಲಿನ ಓರೆಗೆ ಲಂಬವಾಗಿ ಅಳೆದ ಹಲ್ಲಿನ ಗಾತ್ರ) 2, ಹಲ್ಲು 20, ಅಗಲ 30 ಮಿ.ಮೀ. ಎಂದಿಟ್ಟುಕೊಳ್ಳಿ: ಲೀಡ್ (ಹಲ್ಲು ಒಂದು ಪೂರ್ತಿ ಸುತ್ತು ಬರಲು ಬೇಕಾದ ಉದ್ದ) ಸುಮಾರು 485 ಮಿ.ಮೀ. ಬರುತ್ತದೆ, ತಿರುಚಬೇಕಾದದ್ದು 22 ಡಿಗ್ರಿಗೂ ಸ್ವಲ್ಪ ಹೆಚ್ಚು.

ಪಿಚ್ ವ್ಯಾಸವೂ ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದ 40 ಅಲ್ಲ, 41.41 ಮಿ.ಮೀ.; ಮಾಡ್ಯೂಲನ್ನು ಕಾಸ್ (cos) 15 ಡಿಗ್ರಿಯಿಂದ ಭಾಗಿಸಲೇಬೇಕು. ಸ್ಕೆಚ್ ಇರುವುದು ಅಕ್ಷಕ್ಕೆ ಲಂಬವಾದ ತಲದಲ್ಲಿ, ಹಾಗಾಗಿ ಅಲ್ಲಿ ಒತ್ತಡ ಕೋನ (ಹಲ್ಲುಗಳು ಒಂದನ್ನೊಂದು ತಳ್ಳುವ ದಿಕ್ಕಿನ ಓರೆ) 20ರ ಬದಲು 20.65 ಡಿಗ್ರಿ. ತ್ರೀಡಿ ಪ್ರಿಂಟ್ ಆಟಿಕೆಗೆ ಇಷ್ಟೆಲ್ಲ ಬೇಡ ಎನ್ನುವವರು ಎನ್ನಲಿ. ಆದರೆ ಹಾಬ್ ಕಟರ್ (ಗೇರಿನ ಹಲ್ಲು ಕಡಿಯುವ ಉಪಕರಣ) ಸಿಗುವುದು ನಾರ್ಮಲ್ ಮಾಡ್ಯೂಲಿನ ಲೆಕ್ಕದಲ್ಲಿ; ಲೇಖನದಂತೆ ಬರೆದ ಹಲ್ಲನ್ನು ಕಡಿಯುವ ಹಾಬ್ ಅಂಗಡಿಯಲ್ಲಿ ಸಿಗುವುದಿಲ್ಲ. ಅಂದಹಾಗೆ, ಲೇಖನದ ಚಿತ್ರದಲ್ಲಿ ಎರಡೂ ಗೇರುಗಳು ಬಲಗೈ ಹೆಲಿಕ್ಸ್ (ಹಲ್ಲು ಬಲಕ್ಕೆ ಓರೆ). ಸಮಾಂತರ ಶಾಫ್ಟುಗಳಿಗೆ ಒಂದು ಬಲಗೈ, ಇನ್ನೊಂದು ಎಡಗೈ ಇರಬೇಕು.