ಲಂಡನ್‌ನಲ್ಲಿ ಕ್ರಿಸ್‌ಮಸ್ ದಿನ ಊಟ ಎಲ್ಲಿ?

ಡಿಸೆಂಬರ್ ರಜೆಯಲ್ಲಿ ಅಪ್ಪ-ಅಮ್ಮನಿಗೆ ಲಂಡನ್ ತೋರಿಸೋಣ ಅಂತ ಹೊರಡುವ ಕನ್ನಡದವರು 25ನೇ ತಾರೀಖಿನ ಊಟ ಎಲ್ಲಿ ಅನ್ನೋದನ್ನು ನವೆಂಬರಿನಲ್ಲೇ ಗೊತ್ತು ಮಾಡಿಕೊಳ್ಳಿ. ಆ ದಿನ ಅಲ್ಲಿ ಟ್ಯೂಬ್ ಅನ್ನುವ ನೆಲದಡಿಯ ರೈಲು ಇಲ್ಲ, ಕೆಂಪು ಬಸ್ಸೂ ಇಲ್ಲ. ದೊಡ್ಡ ಅಂಗಡಿಗಳು ಬಾಗಿಲು ಹಾಕಲೇಬೇಕು ಅಂತ 2004ರ ಕಾನೂನೇ ಇದೆ, 280 ಚದರ ಮೀಟರಿಗಿಂತ ದೊಡ್ಡದಾದ ಬಹುಪಾಲು ಅಂಗಡಿಗಳಿಗೆ ಅದು ಅನ್ವಯಿಸುತ್ತದೆ. ನಮ್ಮಲ್ಲಿ ಹಬ್ಬ ಅಂದ್ರೆ ಪೇಟೆ ತುಂಬುತ್ತದೆ. ಲಂಡನ್‌ನಲ್ಲಿ ಬೀದಿ ಖಾಲಿಯಾಗುತ್ತದೆ, ಎಲ್ಲರೂ ಮನೆಯೊಳಗೆ.

ನಾನು ಇರುವುದು ಇಂಗ್ಲೆಂಡಿನದೇ ಇನ್ನೊಂದು ಊರು ಲೀಡ್ಸ್‌ನಲ್ಲಿ. ಹಾಸನದಿಂದ ಬಂದ ಅಪ್ಪ-ಅಮ್ಮ, ಹೆಂಡತಿ, ಮಕ್ಕಳ ಜೊತೆ ಲಂಡನ್‌ಗೆ ಹೋಗಿದ್ದಾಗ ನಾವು ಪ್ಯಾಡಿಂಗ್ಟನ್ ಹತ್ತಿರ ಉಳಿದುಕೊಂಡಿದ್ದೆವು. ಹೋಟೆಲಿನಲ್ಲಿ ಹಬ್ಬದೂಟ ಇತ್ತು, ಆದರೆ ಮುಂಚೆಯೇ ದುಡ್ಡು ಕಟ್ಟಿ, ಯಾರಿಗೆ ಏನು ಬೇಕು ಅಂತ ಬರೆದುಕೊಟ್ಟವರಿಗೆ ಮಾತ್ರ. ಇಲ್ಲಿ ಬಹಳ ಕಡೆ ಹೀಗೇ. ಸೀಟು ಸಿಕ್ಕರೂ ಸಸ್ಯಾಹಾರಿಗಳು ಒಂದೊಂದನ್ನೂ ಕೇಳಿಯೇ ತಿನ್ನಬೇಕು. ಹುರಿದ ಆಲೂಗಡ್ಡೆಗೆ ಬಾತುಕೋಳಿ ಜಾತಿಯ ಹಕ್ಕಿಯ ಕೊಬ್ಬು ಹಾಕಿರಬಹುದು, ಗ್ರೇವಿ ಮಾಂಸದ ರಸದ್ದಿರಬಹುದು, ಕೊನೆಗೆ ಕೊಡುವ ಕ್ರಿಸ್‌ಮಸ್ ಪುಡಿಂಗಿಗೆ ಹಳೇ ಪದ್ಧತಿಯಲ್ಲಿ ದನದ ಕೊಬ್ಬೇ ಬೀಳುತ್ತದೆ. ನೋಡೋಕೆ ಬರೀ ಒಣದ್ರಾಕ್ಷಿ ಹಾಕಿದ ಸಿಹಿ ಥರ ಇರುತ್ತೆ, ಅಮ್ಮನಂಥವರಿಗೆ ಹೇಗೆ ಗೊತ್ತಾಗಬೇಕು?

ನಮಗೆ ಊಟ ಸಿಕ್ಕಿದ್ದು ಎಡ್ಜ್‌ವೇರ್ ರಸ್ತೆಯಲ್ಲಿ. ಅದು ಅರಬ್ಬರ ಹೋಟೆಲುಗಳ ಬೀದಿ, ಪ್ಯಾಡಿಂಗ್ಟನ್‌ನಿಂದ ನಡೆದೇ ಹೋಗಬಹುದು. ಲೆಬನಾನಿನವರ ಒಂದು ಹೋಟೆಲು ತೆರೆದಿತ್ತು. ಕಾಳು ರುಬ್ಬಿ ಕರಿದ ಬಿಸಿ ಫಲಾಫೆಲ್, ಕಡಲೆಕಾಳು ಬೇಯಿಸಿ ಅರೆದ ಹಮ್ಮಸ್, ರೊಟ್ಟಿ, ಬೇಳೆ ಸೂಪು. ಫಲಾಫೆಲ್ ನಮ್ಮ ಅಂಬೊಡೆ ಥರಾನೇ ಇದೆ ಅಂತ ಅಪ್ಪ ಇನ್ನೊಂದು ತಟ್ಟೆ ಹೇಳಿದರು. ಚೈನಾಟೌನಿನಲ್ಲೂ ಆ ದಿನ ಹೋಟೆಲುಗಳು ತೆರೆದಿರುತ್ತವೆ. ಕಾರಿದ್ದವರಿಗೆ ಸೌತಾಲ್‌ನ ಹ್ಯಾವ್‌ಲಾಕ್ ರಸ್ತೆಯ ದೊಡ್ಡ ಗುರುದ್ವಾರ ಇದೆ. ಅಲ್ಲಿ ದಿನಾ ಲಂಗರ್, ಅಂದ್ರೆ ಎಲ್ಲರಿಗೂ ಪುಕ್ಕಟೆ ಪಂಕ್ತಿಯೂಟ, ಯಾರು ಬೇಕಾದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ಕೂರಬಹುದು. ಅಂದ್ರೆ ಹಬ್ಬದ ದಿನ ಈ ಊರಲ್ಲಿ ಪರಸ್ಥಳದವರಿಗೆ ಅನ್ನ ಹಾಕುವವರು ಹೆಚ್ಚಾಗಿ ತಾವೂ ಒಂದು ಕಾಲಕ್ಕೆ ಬೇರೆ ದೇಶದಿಂದ ಬಂದವರೇ.

ಬಾಗಿಲು ಹಾಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬಸ್ ಡ್ರೈವರ್ ಕೂಡ ಆ ದಿನ ಮಕ್ಕಳ ಜೊತೆ ಕೂತು ಉಣ್ಣುತ್ತಾನಲ್ಲ, ಅದು ನನಗೆ ತುಂಬ ಹಿಡಿಸುತ್ತದೆ. ನಮ್ಮಲ್ಲಿ ದೀಪಾವಳಿಗೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ಸು ಬಿಡುತ್ತದೆ, ನಾವು ಖುಷಿಯಾಗಿ ಊರಿಗೆ ಹೋಗುತ್ತೇವೆ, ಆ ಬಸ್ಸು ಓಡಿಸುವವರ ಮನೆಯ ಹಬ್ಬದ ಬಗ್ಗೆ ಯಾರೂ ಕೇಳುವುದಿಲ್ಲ. ಯುಗಾದಿ ದಿನ ಬೆಂಗಳೂರಿನ ಹೋಟೆಲಿನಲ್ಲಿ ಹೋಳಿಗೆ ಬಡಿಸುವ ಹುಡುಗ ಎಷ್ಟೋ ಸಲ ಊರು ಬಿಟ್ಟು ಬಂದವನೇ. ಈ ವಿಷಯದಲ್ಲಿ ಇಂಗ್ಲೆಂಡಿನವರು ನಮಗಿಂತ ಮೇಲು.

ಆದರೆ ಧರ್ಮಸ್ಥಳಕ್ಕೋ ಹೊರನಾಡಿಗೋ ಸಿದ್ಧಗಂಗೆಗೋ ಹೋಗಿ ನೋಡಿ, ಹಬ್ಬವಿರಲಿ ಬಿಡಲಿ, ಯಾರು ಏನು ಅಂತ ಕೇಳದೆ ಎಲೆಯನ್ನೋ ತಟ್ಟೆಯನ್ನೋ ಮುಂದಿಡುತ್ತಾರೆ. ಮುಂಗಡ ಕಟ್ಟದೆ ಹೋಗಿ ಕೂರುವ ಅಂಥ ಒಂದು ಪಂಕ್ತಿ ದೊಡ್ಡ ಊರಿನಲ್ಲಿ ಹಬ್ಬದ ದಿನ ಇರಲೇಬೇಕು. ಅದು ಸಂಬಳದವರ ರಜೆ ಕಿತ್ತುಕೊಂಡು ನಡೆಸುವಂಥದ್ದಲ್ಲ, ಇಷ್ಟಪಟ್ಟು ಬಂದವರು ನಡೆಸುವಂಥದ್ದು. ಲಂಗರ್ ನಡೆಯುವುದೂ ಹಾಗೇ ಅಲ್ವಾ?

ಥೇಮ್ಸ್ ದಡದಲ್ಲಿ, ಲ್ಯಾಂಬೆತ್‌ನಲ್ಲಿ, 2015ರಿಂದ ಬಸವಣ್ಣನ ಪ್ರತಿಮೆ ಇದೆ. ಲಂಡನ್‌ಗೆ ಬಂದ ಕನ್ನಡದವರು ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ದಾಸೋಹದ ಮಾತು ನಮಗೆ ಬಂದಿದ್ದೇ ಆ ಶರಣರಿಂದ. ಲಂಡನ್‌ನಲ್ಲಿರುವ ನಮ್ಮವರು ಡಿಸೆಂಬರ್ 25ಕ್ಕೆ ಒಂದು ಹಾಲ್ ಹಿಡಿದು ಅನ್ನ, ಸಾರು, ಒಂದು ಪಲ್ಯ ಮಾಡಿದರೂ ಸಾಕು. ಬಸ್ಸಿಲ್ಲದ ದಿನವಾದ್ದರಿಂದ ಪ್ರವಾಸಿಗಳು ಉಳಿಯುವ ಕಡೆ, ನಡೆದು ಬರುವಷ್ಟು ದೂರದಲ್ಲಿ ಇರಲಿ. ಯಾರಾದರೂ ಶುರು ಮಾಡುತ್ತೀರಾದರೆ ಹೇಳಿ, ಬಡಿಸೋಕೆ, ಪಾತ್ರೆ ತೊಳೆಯೋಕೆ ನಾನು 24ಕ್ಕೇ ಲೀಡ್ಸ್‌ನಿಂದ ಬಂದು ಉಳಿದುಕೊಳ್ಳುತ್ತೇನೆ.