ಬೆನ್ನು ಸುಧಾರಿಸಿದ ಮೇಲೂ ಅಷ್ಟೇ ಇಂಜೆಕ್ಷನ್ ಬೇಕಾ?

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯಲ್ಲಿ ಉರಿಯೂತ ಬಂದು, ವರ್ಷ ಕಳೆದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದಾದ ಕಾಯಿಲೆ) ಇರುವ ಇಬ್ಬರು ಸಿಕ್ಕರೆ ಸಾಕು, ಮಾತು ತಿರುಗಿ ಬರುವುದು ಇಲ್ಲಿಗೇ. ಉರಿಯೂತ ತಗ್ಗಿಸುವ ಅಡಲಿಮುಮಾಬ್ ಇಂಜೆಕ್ಷನ್ ಶುರು ಮಾಡಿ ವರ್ಷ ದಾಟಿದೆ, ನೋವಿಲ್ಲ, ಬೆಳಗಿನ ಬಿಗಿತ ಇಲ್ಲ, ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿಯೂ ನಾರ್ಮಲ್. ಇನ್ನೂ ಎರಡು ವಾರಕ್ಕೊಂದು ಚುಚ್ಚಿಕೊಳ್ಳಲೇಬೇಕಾ? ನನಗೂ ಇದೇ ಕಾಯಿಲೆ. ಎರಡು ಕಡೆಯ ವಾದವನ್ನೂ ನಾನು ನನ್ನೊಳಗೇ ಮಾಡಿಕೊಂಡಿದ್ದೇನೆ, ಅದನ್ನೇ ಇಲ್ಲಿ ಬರೆದಿದ್ದೇನೆ.

ಪರ: ಕಡಿಮೆ ಮಾಡಿ ನೋಡಬೇಕು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ನಿಲ್ಲಿಸಿದವರ ಕಷ್ಟ ಹೇಳಿ, ಕಡಿಮೆ ಮಾಡುವವರನ್ನು ಹೆದರಿಸುವುದು ಸರಿಯಲ್ಲ.

ಸಿ-ಆಪ್ಟಿಮೈಸ್ ಅನ್ನುವ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಔಷಧ ಸೆರ್ಟೊಲಿಜುಮಾಬ್, ಅಡಲಿಮುಮಾಬ್‌ನ ಜಾತಿಯದೇ. 48 ವಾರ ಪೂರ್ತಿ ಡೋಸ್ ಕೊಟ್ಟು, ಕಾಯಿಲೆ ನಿಜಕ್ಕೂ ಹತೋಟಿಗೆ ಬಂದು ಹಾಗೇ ಉಳಿದವರನ್ನು ಮಾತ್ರ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 200 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ, ಇನ್ನೊಂದಕ್ಕೆ ಅಷ್ಟನ್ನೇ ನಾಲ್ಕು ವಾರಕ್ಕೊಮ್ಮೆ, ಮೂರನೆಯವರಿಗೆ ಔಷಧವೇ ಇಲ್ಲದ ಇಂಜೆಕ್ಷನ್. ಮತ್ತೆ 48 ವಾರ ಆದಾಗ ಫ್ಲೇರ್ ಆಗದೆ, ಅಂದರೆ ಕಾಯಿಲೆ ಮತ್ತೆ ಕೆರಳದೆ ಉಳಿದವರು ನೂರಕ್ಕೆ ಸುಮಾರು 84, 79 ಮತ್ತು 20. ಆ ಮೊದಲ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಅರ್ಧ ಔಷಧದಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ ಚೆನ್ನಾಗಿದ್ದರು. ಹಾಗಿದ್ದಾಗ ಉಳಿದ ಅರ್ಧ ಯಾರಿಗಾಗಿ?

ಇನ್ನು ದುಡ್ಡಿನ ಮಾತು. ಜೈಡಸ್ ಕಂಪನಿ 2014ರಲ್ಲಿ ಅಡಲಿಮುಮಾಬ್‌ನ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ಇನ್ನೊಂದು ತಯಾರಿಕೆ) ತಂದ ಮೇಲೆ ನಮ್ಮ ದೇಶದಲ್ಲಿ ಬೆಲೆ ಇಳಿದದ್ದು ನಿಜ, ಆದರೂ ತಿಂಗಳ ಸಂಬಳದಲ್ಲಿ ಬಾಡಿಗೆ, ಮಕ್ಕಳ ಫೀಸು, ಸಾಲದ ಕಂತು ಕಳೆದ ಮೇಲೆ ಇದಕ್ಕೆ ಹಣ ಎತ್ತಿಡುವುದು ಎಷ್ಟು ಮನೆಗಳಲ್ಲಿ ಸಾಧ್ಯ ಹೇಳಿ. ಮನೆಯಲ್ಲೇ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗೆ ವಿಮೆ ಸಿಗುವುದು ಕಷ್ಟ. ಎರಡು ವಾರಕ್ಕೊಂದಾದರೆ ವರ್ಷಕ್ಕೆ 26, ಮೂರು ವಾರಕ್ಕೊಂದಾದರೆ 17, ನಾಲ್ಕು ವಾರಕ್ಕೆ ಹೋದರೆ 13. ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ, ಮುಂದೆ ದಶಕಗಟ್ಟಲೆ ಔಷಧ ಬೇಕು. ಪೂರ್ತಿ ಡೋಸ್ ಅಂತ ಹಠ ಹಿಡಿದು ಮೂರನೇ ವರ್ಷ ಕೈ ಖಾಲಿಯಾಗಿ ಎಲ್ಲವನ್ನೂ ನಿಲ್ಲಿಸಿಬಿಡುವವರು ನಮ್ಮಲ್ಲಿ ಇದ್ದಾರೆ, ಅವರು ಬಂದು ಸೇರುವುದು ನೂರಕ್ಕೆ 20 ಜನ ಮಾತ್ರ ಚೆನ್ನಾಗಿ ಉಳಿದ ಆ ಮೂರನೇ ಗುಂಪಿಗೆ. ಕಡಿಮೆ ಮಾಡಿಕೊಂಡು ಹತ್ತು ವರ್ಷ ಬಿಡದೆ ತೆಗೆದುಕೊಳ್ಳುವುದು ಅದಕ್ಕಿಂತ ಎಷ್ಟೋ ಮೇಲು.

ಸೋಂಕಿನ ಭಯವೂ ಸುಮ್ನೆ ಅಲ್ಲ. ಈ ಔಷಧಗಳು ದೇಹದೊಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ಅದಕ್ಕೇ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪತ್ತೆಗೆ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಎಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಟಿಬಿ ರೋಗಿಗಳಿರುವ ದೇಶ ನಮ್ಮದು. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ರುಮಟಾಯ್ಡ್ ಸಂಧಿವಾತ ಅನ್ನುವ ಕೀಲಿನ ಕಾಯಿಲೆಯವರಲ್ಲಿ ಬಯೋಲಾಜಿಕ್‌ನ (ಅಡಲಿಮುಮಾಬ್‌ನಂಥ, ಜೀವಕೋಶಗಳಿಂದ ತಯಾರಿಸುವ ಔಷಧ) ಡೋಸ್ ಜಾಸ್ತಿಯಾದಷ್ಟೂ ಗಂಭೀರ ಸೋಂಕಿನ ಅಪಾಯ ಜಾಸ್ತಿ ಕಂಡಿತ್ತು, ಕಡಿಮೆ ಡೋಸ್‌ನಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ.

ಇದು ರೋಗಿಗಳು ತಾವೇ ಕಟ್ಟಿಕೊಂಡ ಆಸೆಯೂ ಅಲ್ಲ. ಕಾಯಿಲೆ ಬಹಳ ಕಾಲ ಹತೋಟಿಯಲ್ಲಿದ್ದರೆ ಬಯೋಲಾಜಿಕ್ ಅನ್ನು ನಿಧಾನಕ್ಕೆ ಇಳಿಸುವ ಯೋಚನೆ ಮಾಡಬಹುದು ಅಂತ ಇಂಥ ಕಾಯಿಲೆಗಳ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆಗಳಾದ ಅಸಾಸ್ ಮತ್ತು ಯೂಲಾರ್ 2016ರಲ್ಲೇ ಹೇಳಿವೆ, 2022ರಲ್ಲಿ ಪರಿಷ್ಕರಿಸುವಾಗಲೂ ಆ ಮಾತು ಉಳಿಸಿಕೊಂಡಿವೆ. ಅಪ್ಪಿತಪ್ಪಿ ಫ್ಲೇರ್ ಆದರೆ? ಅದೇ ಜಾತಿಯ ಗೋಲಿಮುಮಾಬ್ ಔಷಧದ ಮೇಲಿನ ಗೋ-ಬ್ಯಾಕ್ ಪ್ರಯೋಗದಲ್ಲಿ ಹಾಗೆ ಆದವರಿಗೆ ಮತ್ತೆ ಪೂರ್ತಿ ಡೋಸ್ ಕೊಟ್ಟಾಗ ಬಹುತೇಕ ಎಲ್ಲರಿಗೂ ಗುಣ ಕಂಡಿತು. ಹಿಂದಕ್ಕೆ ಬರುವ ದಾರಿ ತೆರೆದೇ ಇದೆ.

ವಿರೋಧ: ಬೇಡ, ಸದ್ಯಕ್ಕಂತೂ ಬೇಡ

ಅದೇ ಗೋ-ಬ್ಯಾಕ್‌ನಲ್ಲಿ ಇನ್ನೊಂದು ಲೆಕ್ಕ ಇದೆ, ಅದನ್ನು ಬಿಟ್ಟು ಮಾತಾಡುವುದು ತಪ್ಪು. ತಿಂಗಳಿಗೊಮ್ಮೆ ಔಷಧ ತೆಗೆದುಕೊಂಡವರಲ್ಲಿ ಫ್ಲೇರ್ ಇಲ್ಲದೆ ಉಳಿದವರು ನೂರಕ್ಕೆ 84. ಎರಡು ತಿಂಗಳಿಗೊಮ್ಮೆ ತೆಗೆದುಕೊಂಡವರಲ್ಲಿ 68. ಹದಿನಾರು ಜನ ಜಾಸ್ತಿ ನೋವಿಗೆ ಬಿದ್ದರು. ಆ ಹದಿನಾರರಲ್ಲಿ ನೀವಿರುತ್ತೀರಾ ಅಂತ ಮೊದಲೇ ಖಚಿತವಾಗಿ ಹೇಳಬಲ್ಲ ರಕ್ತಪರೀಕ್ಷೆ ಇಲ್ಲ.

ಸಿ-ಆಪ್ಟಿಮೈಸ್‌ನಲ್ಲಿ ಇದ್ದವರಾದರೂ ಯಾರು? ಲಕ್ಷಣ ಶುರುವಾಗಿ ಐದು ವರ್ಷ ಆಗಿರದವರು. ಅವರಲ್ಲೂ ಡೋಸ್ ಇಳಿಸಿ ನೋಡುವ ಹಂತಕ್ಕೆ ಬಂದವರು ನೂರಕ್ಕೆ 44 ಮಾತ್ರ. ನಮ್ಮಲ್ಲಿ ಎಷ್ಟೋ ಮಂದಿಗೆ ಕಾಯಿಲೆಯ ಹೆಸರು ಗೊತ್ತಾಗುವುದರೊಳಗೇ ವರ್ಷಗಳು ಹೋಗಿರುತ್ತವೆ. ಡಿಸ್ಕ್ ಅಂದರು, ಸಯಾಟಿಕಾ ಅಂದರು, ಎಣ್ಣೆ ತಿಕ್ಕಿಸಿಕೊಂಡದ್ದಾಯಿತು, ಬೆಲ್ಟ್ ಕಟ್ಟಿಕೊಂಡದ್ದಾಯಿತು. ಹಾಗೆ ಬಂದ ಬೆನ್ನಿಗೆ ಆ 79ರ ಲೆಕ್ಕ ಹಾಕಲು ಬರುವುದಿಲ್ಲ. ಅಡಲಿಮುಮಾಬ್‌ನ ಎಬಿಲಿಟಿ-3 ಪ್ರಯೋಗದಲ್ಲಂತೂ ಅರ್ಧ ಡೋಸ್‌ನ ಗುಂಪೇ ಇರಲಿಲ್ಲ. ಅಲ್ಲಿ ಪೂರ್ತಿ ನಿಲ್ಲಿಸಿ ಫ್ಲೇರ್ ಆದವರಿಗೆ ಮತ್ತೆ ಔಷಧ ಕೊಟ್ಟಾಗ 12 ವಾರದಲ್ಲಿ ಮೊದಲಿನ ಸ್ಥಿತಿಗೆ ಬಂದವರು ನೂರಕ್ಕೆ 57. ಹಿಂದಕ್ಕೆ ಬರುವ ದಾರಿ ಎಲ್ಲರಿಗೂ ಒಂದೇ ಥರ ತೆರೆದಿಲ್ಲ, ಅಲ್ವಾ? ಲ್ಯಾನ್ಸೆಟ್‌ನ ಸೋಂಕಿನ ಲೆಕ್ಕವೂ ರುಮಟಾಯ್ಡ್‌ನವರದು, ನಮ್ಮದಲ್ಲ.

ಫ್ಲೇರ್ ಅನ್ನುವುದು ಹೇಳಲು ಒಂದು ಪದ ಅಷ್ಟೇ. ಅನುಭವಿಸುವವರಿಗೆ ಅದು ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು, ನೇರ ಏಳಲಾಗದೆ ಪಕ್ಕಕ್ಕೆ ಹೊರಳಿ, ಮಂಚದ ಅಂಚು ಹಿಡಿದು, ಕಾಲು ಇಳಿಬಿಟ್ಟು ನಿಧಾನಕ್ಕೆ ಎದ್ದು ಕೂರುವುದು, ಸೀನು ಬಂದರೆ ಪಕ್ಕೆಲುಬು ಹಿಡಿದುಕೊಳ್ಳುವುದು. ಕೆಲವರಿಗೆ ಬೆನ್ನಿಗಿಂತ ಮೊದಲು ಕಣ್ಣು. ಈ ಕಾಯಿಲೆ ಇರುವವರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಜನಕ್ಕೆ ಯಾವಾಗಲಾದರೂ ಒಮ್ಮೆ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗಿ ಬೆಳಕು ನೋಡಲಾಗದು, ತಡ ಮಾಡಿದರೆ ದೃಷ್ಟಿಗೇ ಕುತ್ತು. ಒಮ್ಮೆ ಕಣ್ಣಿಗೆ ಬಂದವರು ಡೋಸ್ ಇಳಿಸುವ ಮಾತನ್ನೇ ಆಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂಳೆಯ ವಿಷಯ ಇನ್ನೂ ಕಠಿಣ. ಡಾಕ್ಟರು ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆ ಗೋಡೆಗೆ ಮುಟ್ಟುತ್ತದಾ ನೋಡುತ್ತಾರೆ. ಮುಟ್ಟದಿದ್ದರೆ ಎಷ್ಟು ಸೆಂಟಿಮೀಟರ್ ಅಂತ ಅಳೆದು ಬರೆದುಕೊಳ್ಳುತ್ತಾರೆ. ಬೆಸೆದ ಮೂಳೆಯನ್ನು ಯಾವ ಇಂಜೆಕ್ಷನ್ನೂ ಬಿಡಿಸುವುದಿಲ್ಲ. ಆ ಬದಲಾವಣೆ ಎಕ್ಸ್‌ರೇಯಲ್ಲಿ ಕಾಣಲು ಸಾಮಾನ್ಯವಾಗಿ ಎರಡು ವರ್ಷವಾದರೂ ಬೇಕು, 48 ವಾರದ ಪ್ರಯೋಗ ಅದನ್ನು ಹೇಗೆ ಹೇಳೀತು? ಶುಗರ್ ನಾರ್ಮಲ್ ಬಂತು ಅಂತ ಇನ್ಸುಲಿನ್ ಅನ್ನು ತಾವೇ ಅರ್ಧ ಮಾಡಿಕೊಳ್ಳುವವರನ್ನು ನಾವು ಬೈಯುತ್ತೇವೆ. ಔಷಧದಿಂದಲೇ ಆರಾಮಾಗಿರುವಾಗ ಇಲ್ಲಿ ಮಾತ್ರ ಬೇರೆ ನ್ಯಾಯ ಯಾಕೆ? ಅಮೆರಿಕದ ರುಮಟಾಲಜಿ (ಸಂಧಿವಾತ ಚಿಕಿತ್ಸೆ) ಸಂಸ್ಥೆಯ 2019ರ ಮಾರ್ಗಸೂಚಿ ಕೂಡ ಡೋಸ್ ಇಳಿಸುವುದನ್ನು ಎಲ್ಲರಿಗೂ ರೂಢಿಯ ಕ್ರಮ ಮಾಡಬೇಡಿ ಅನ್ನುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಆ ಪ್ರಯೋಗಗಳಲ್ಲಿ ಪ್ರತಿಯೊಬ್ಬರನ್ನೂ ಗೊತ್ತಾದ ದಿನಕ್ಕೆ ಕರೆಸಿ, ರಕ್ತ ನೋಡಿ, ಪ್ರಶ್ನೆ ಕೇಳಿ, ಹೆಚ್ಚಾದ ಕೂಡಲೇ ಔಷಧ ಕೊಡುತ್ತಿದ್ದರು. ಯಾದಗಿರಿಯ ಹಳ್ಳಿಯಿಂದ ರುಮಟಾಲಜಿಸ್ಟ್ ನೋಡಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾದವರನ್ನು ಯಾರು ಹಾಗೆ ನೋಡುತ್ತಾರೆ? ಅವರು ಡೋಸ್ ಇಳಿಸುವುದು ಎಷ್ಟೋ ಸಲ ಡಾಕ್ಟರು ಹೇಳಿ ಅಲ್ಲ, ಈ ತಿಂಗಳು ದುಡ್ಡು ಹೊಂದಲಿಲ್ಲ ಅಂತ. ಮುಂದಿನ ಭೇಟಿಯಲ್ಲಿ ಅದನ್ನು ಹೇಳಲು ಸಂಕೋಚ ಪಡುತ್ತಾರೆ, ಡಾಕ್ಟರು ಔಷಧ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಇನ್ನೂ ದುಬಾರಿಯ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ದಯವಿಟ್ಟು ಹೇಳಿ. ಎಷ್ಟು ಇಂಜೆಕ್ಷನ್ ಬಿಟ್ಟಿದ್ದೀರಿ, ಯಾವ ತಿಂಗಳು, ಯಾಕೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.